ಉಂಗುರ ತೊಟ್ಟ ಕತ್ತಿ

ಸುರಪುರದಲ್ಲಿ ಹಳೆಯ ಕಬ್ಬಿಣಕ್ಕೆಲ್ಲ ಒಂದೇ ವಯಸ್ಸು. ಗೋಡೆಗೆ ಒರಗಿಸಿದ ಭರ್ಚಿ, ಅಟ್ಟದಲ್ಲಿ ಧೂಳು ಹಿಡಿದ ಗುರಾಣಿ, ಹೊಲ ಹರಗುವಾಗ ಕುಂಟೆಗೆ ತಾಗಿದ ಗುಂಡು, ಯಾವುದನ್ನು ತೋರಿಸಿ ಕೇಳಿದರೂ ಉತ್ತರ ಅದೇ: ‘ವೆಂಕಟಪ್ಪ ನಾಯಕರ ಗದ್ದಲದಾಗಿಂದು.’ ಅಂದರೆ ಇಲ್ಲಿನ ರಾಜ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ಎದ್ದ 1858ರ ಫೆಬ್ರವರಿ. ಇಡೀ ಊರು ಒಂದು ತಿಂಗಳಿಗೆ ಹೀಗೆ ಗಂಟು ಬಿದ್ದದ್ದನ್ನು ನಾನು ಕಿತ್ತೂರಿನಲ್ಲೂ ಇಷ್ಟು ಕಂಡಿಲ್ಲ.

ಶಹಾಪುರದಲ್ಲಿ ಕೆಲಸ ಮಾಡುವ ಗೆಳೆಯರು ಕಳಿಸಿದ ಫೋಟೋ ಒಂದರಿಂದ ಈ ಪ್ರವಾಸ ಹುಟ್ಟಿತು. ಮಹಾನವಮಿಯ ಪೂಜೆಯ ಚಿತ್ರ. ಮಣೆಯ ಮೇಲೆ ಕೆಂಪು ಬಟ್ಟೆ, ಚೆಂಡು ಹೂವು, ಅರಿಶಿಣ ಕುಂಕುಮ, ನಡುವೆ ತುಸು ಬಾಗಿದ ಕತ್ತಿ, ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು. ಕೆಳಗೆ ಬರೆದಿದ್ದರು: ‘ಇಂಗ್ಲಿಷ್ ಸರದಾರನ ಕೈಯಿಂದ ಕಸಗೊಂಡ ಖಡ್ಗ ಅಂತಾರೆ. ನೋಡಿ ಹೇಳಿ.’ ಕುಂಕುಮದ ಮರೆಯಲ್ಲಿ ಅಡ್ಡಪಟ್ಟಿಯ ಒಂದು ತುದಿಗೆ ಕಬ್ಬಿಣದ ಉಂಗುರ ಕಾಣುತ್ತಿತ್ತು. ಕೈಯಲ್ಲಿ ಹಿಡಿದು ಬೀಸುವ ಕತ್ತಿಗೆ ಅಲ್ಲೊಂದು ಉಂಗುರದ ಕೆಲಸವಿಲ್ಲ. ಅದು ಬಂದೂಕಿನ ನಳಿಗೆಗೆ ತೊಡಿಸುವ ಉಂಗುರ. ಹಾಗಾದರೆ ಪೂಜೆಗೊಂಡದ್ದು ಖಡ್ಗವಲ್ಲ, ಬಯನೆಟ್ಟು. ಅದೂ ಕತ್ತಿಯಂತೆ ಹಿಡಿಕೆಯಿರುವ ಕತ್ತಿ ಬಯನೆಟ್ಟು. ಇನ್ನುಳಿದದ್ದನ್ನು ಫೋಟೋ ನೋಡಿ ಹೇಳುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಬೆಂಗಳೂರಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನಸುಕಿಗೆ ಯಾದಗಿರಿ. ನಿಲ್ದಾಣದಿಂದ ಹೊರಬರುತ್ತಲೇ ಎದುರಿಗೆ ಬೆಟ್ಟ, ಬೆಟ್ಟದ ಮೈಗೆ ಸುತ್ತಿಕೊಂಡ ಕೋಟೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಊರಿಗೆ ಕಚೇರಿಗಳು ಬಂದಿವೆ, ರಸ್ತೆ ಅಗಲವಾಗಿದೆ, ಆದರೆ ಕೋಟೆಯ ಪಾಡು ಕೋಟೆಗೆ. ಬಿಸಿಲೇರುವ ಮುಂಚೆ ಹತ್ತಿಬಿಟ್ಟರೆ ಒಳ್ಳೆಯದು. ಮೇಲಿನ ಬುರುಜಿನಲ್ಲಿ ಉದ್ದನೆಯ ಕಬ್ಬಿಣದ ತೋಪು ಬಾಯಿ ತೆರೆದು ಕೂತಿದೆ. ಬೆಳಗಿನ ನಡಿಗೆಗೆ ಬಂದ ಹುಡುಗರು ಅದರ ಬೆನ್ನ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರ ಚಡ್ಡಿಗಳ ಉಜ್ಜಿಗೆ ತೋಪಿನ ಮೈ ಫಳಫಳ. ಹೀಗೆ ಉಜ್ಜಿದ ಲೋಹ ಕಣ್ಣಿಗೆ ಚೆಂದ, ಓದುವವನಿಗೆ ಗೋಳು. ಆ ಗೋಳು ಮುಂದೆ ಸುರಪುರದಲ್ಲೂ ಕಾದಿತ್ತು.

ಯಾದಗಿರಿ ದಾಟಿದರೆ ಭೀಮೆ. ಸೇತುವೆಯ ಆಚೆ ಕಪ್ಪು ನೆಲ, ಹತ್ತಿ, ತೊಗರಿ. ಇನ್ನೂ ಮುಂದೆ, ನಾರಾಯಣಪುರದ ಕಾಲುವೆ ಮುಟ್ಟಿದಲ್ಲೆಲ್ಲ, ಭತ್ತ. ಬಿಸಿಲಿನ ಸೀಮೆ ಎಂದು ಹೆಸರಾದ ಕಡೆ ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ನಾಟಿ ಹಚ್ಚುವುದು ಮೊದಲ ಸಲ ನೋಡಿದವರಿಗೆ ದಾರಿ ತಪ್ಪಿತೇನೋ ಅನ್ನಿಸುತ್ತದೆ. ಬಸ್ಸು ಶಹಾಪುರ ಸಮೀಪಿಸುವಾಗ ಬಲಬದಿಯ ಸೀಟಿನ ಹಿರಿಯರು ನನ್ನ ಭುಜ ತಟ್ಟಿ, ‘ಅಲ್ಲಿ ನೋಡ್ರಿ, ಮಲಗ್ಯಾನ’ ಅಂದರು. ಗುಡ್ಡಗಳ ಸಾಲಿನ ಅಂಚು ಆಕಾಶಕ್ಕೆ ಹಿಡಿದ ಆಕಾರ: ಹಣೆ, ಮೂಗು, ಗದ್ದ, ಎದೆ, ಕಾಲು. ಬುದ್ಧ ಮಲಗಿದ ಬೆಟ್ಟ. ಯಾರೂ ಕೆತ್ತಿದ್ದಲ್ಲ, ಬಂಡೆಗಳು ತಾವಾಗಿ ಹಾಗೆ ಬಿದ್ದುಕೊಂಡಿವೆ. ದಾರಿ ತುಸು ತಿರುಗಿದರೆ ಮೂಗು ಹೋಗಿ ಬರಿಯ ಕಲ್ಲುಗುಡ್ಡ ಉಳಿಯುತ್ತದೆ.

ಅದೇ ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಇನ್ನೊಂದು ಬಗೆಯ ಅಚ್ಚರಿ. ಬಯಲಿನಲ್ಲಿ ಗುಂಡುಕಲ್ಲುಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಾಲಾಗಿ ಇಟ್ಟಿದ್ದಾರೆ. ಇಟ್ಟವರು ಬೃಹತ್ ಶಿಲಾಯುಗದ ಜನ. ಕೇಂದ್ರ ಪುರಾತತ್ತ್ವ ಇಲಾಖೆಯ ಬೇಲಿ, ಫಲಕ ಇವೆ. ಜನ ಮಾತ್ರ ಇಲ್ಲ. ಇವನ್ನು ಮೊದಲು ಅಳೆದು ಬರೆದವರಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ಒಬ್ಬ. ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸಕ್ಕೆ ಸೇರಿ, 1839ರಲ್ಲಿ ‘ಕನ್‌ಫೆಶನ್ಸ್ ಆಫ್ ಎ ಥಗ್’ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿ, ಆಮೇಲೆ ಈ ಕಲ್ಲುಸೀಮೆಗೆ ಬಂದವನು. ರಾಜನಕೋಳೂರು, ಜೇವರ್ಗಿ ಕಡೆಯ ಸಮಾಧಿಗಳನ್ನು ಬಗೆದು, ಒಳಗೆ ಏನು ಯಾವ ಮಗ್ಗುಲಿಗೆ ಇತ್ತೆಂದು ಚಿತ್ರ ಬರೆದಿಟ್ಟ. ನಿಧಿ ಹುಡುಕುವವರೇ ತುಂಬಿದ್ದ ಕಾಲದಲ್ಲಿ ಅಳತೆಪಟ್ಟಿ ಹಿಡಿದು ಗೋರಿಗೆ ಇಳಿದವನು ಅವನು. ಅವನ ಈ ಗುಣ ನನಗೆ ಅವನ ಕಾದಂಬರಿಗಳಿಗಿಂತ ಹಿಡಿಸುತ್ತದೆ.

ಸುರಪುರ ಗುಡ್ಡಗಳ ಮಡಿಲಿನ ಊರು. ಬೀದಿಗಳು ಏರುತ್ತವೆ, ಇಳಿಯುತ್ತವೆ, ಒಂದು ಬಂಡೆ ಅಡ್ಡ ಬಂದರೆ ಅದಕ್ಕೆ ಗೋಡೆ ಕಟ್ಟಿ ಮನೆ ಮಾಡಿಕೊಂಡಿದ್ದಾರೆ. ಫೋಟೋದ ಕತ್ತಿ ಇದ್ದ, ನಾನು ಹೋಗಬೇಕಿದ್ದ ಮನೆಯೂ ಅಂಥದ್ದೇ. ಹಿಂಬದಿಯ ಗೋಡೆ ಇಡೀ ಬಂಡೆ. ಮನೆಯ ಯಜಮಾನರು ನಿವೃತ್ತ ಮಾಸ್ತರರು. ‘ಬರ್ರಿ ಸರ, ಮೊದ್ಲು ಕುಂದರ್ರಿ. ರೊಟ್ಟಿ ತಿಂದು ಆಮ್ಯಾಲ ಖಡ್ಗ’ ಅಂದರು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸುತ್ತ, ‘ಯಪ್ಪಾ, ಅದು ದೊಡ್ಡವ್ರ ಕೈಯಾಗಿಂದು. ಸುಳ್ಳು ಅಂತ ಮಾತ್ರ ಹೇಳಬ್ಯಾಡ’ ಎಂದು ಮೊದಲೇ ನನ್ನ ಬಾಯಿ ಕಟ್ಟಿದರು.

ಕತ್ತಿ ಬಂತು. ಅಂಗಳದ ಬೆಳಕಿಗೆ ಹಾಸಿದ ಚಾದರದ ಮೇಲೆ ಇಟ್ಟೆವು.

ಯಾರೇ ಆಗಲಿ ಇಂಥದ್ದು ಕೈಗೆ ಬಂದರೆ ಮೊದಲು ಅಲಗು ನೋಡುತ್ತಾರೆ, ಬೆರಳಿನಿಂದ ಮೊನೆ ಮುಟ್ಟುತ್ತಾರೆ. ಅಲಗು ಸುಳ್ಳು ಹೇಳುವುದಿಲ್ಲ, ಆದರೆ ಮಾತೂ ಕಡಿಮೆ. ಬಯನೆಟ್ಟು ತನ್ನ ವಿಳಾಸ ಬರೆದುಕೊಂಡಿರುವುದು ಹಿಡಿಕೆಯ ಕಡೆ. ಏಕೆಂದರೆ ಅದು ಅರ್ಧ ಆಯುಧ, ಇನ್ನರ್ಧ ಬಂದೂಕು. ಯಾವ ಬಂದೂಕಿಗೆ ಕೂರುತ್ತಿತ್ತು ಎಂದು ತಿಳಿದರೆ ಮಿಕ್ಕದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್, ಟಾರ್ಚು, ತೆಳು ಕಾಗದ, ಮೆತ್ತನೆಯ ಪೆನ್ಸಿಲ್ಲು.

ಉಂಗುರದ ಒಳ ಅಗಲ 20 ಮಿಲಿಮೀಟರಿಗೆ ಕೂದಲೆಳೆ ಹೆಚ್ಚು. ಇಷ್ಟರಲ್ಲೇ ಹಲವರು ಸಾಲಿನಿಂದ ಹೊರಗೆ ಹೋದರು. ಹೈದರಾಬಾದಿನ, ಮುಂಬೈನ ಹಳೆ ಸಾಮಾನಿನ ಅಂಗಡಿಗಳಲ್ಲಿ ‘ಟೀಪೂ ಕಾಲದ್ದು’ ಎಂದು ತೋರಿಸುವ, ಹಿತ್ತಾಳೆಯ ಹಿಡಿಕೆಗೆ ಗೀರು ಗೀರಾಗಿ ಕೊರೆದ ಬಾಗುಕತ್ತಿ ಬಹುಮಟ್ಟಿಗೆ ಫ್ರೆಂಚರ 1866ರ ಶಾಸ್‌ಪೋ ಬಂದೂಕಿನ ಬಯನೆಟ್ಟು. ಅದರ ಉಂಗುರ ಸುಮಾರು 18 ಮಿಲಿಮೀಟರು. ಅಲಗಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು, ತಿಂಗಳು, ಇಸವಿ ಎಲ್ಲವನ್ನೂ ಓಲೆ ಬರೆದಂತೆ ಕೂಡಿಸಿ ಕೆತ್ತಿರುತ್ತಾರೆ. ಓದಲು ಬಂದರೆ ವಾದಕ್ಕೆ ಜಾಗವೇ ಇಲ್ಲ. ಅದರ ನಂತರದ 1874ರ ಗ್ರಾ ಬಂದೂಕಿನದಕ್ಕೆ ಉಂಗುರ ಇನ್ನೂ ಕಿರಿದು, ಅಲಗು ನೆಟ್ಟಗೆ, ಹಿಡಿಕೆಗೆ ಮರ. ಸುರಪುರದ ಈ ಕತ್ತಿಗೆ ಹಿತ್ತಾಳೆ ಇದ್ದಿದ್ದರೆ, ಹೈದರಾಬಾದಿನ ನಿಜಾಮನ ಬಳಿ ಫ್ರೆಂಚ್ ಪಡೆ ಕಟ್ಟಿ 1798ರಲ್ಲಿ ಸತ್ತ ರೇಮಂಡನ ಹೆಸರನ್ನು ಯಾರಾದರೂ ಇದಕ್ಕೆ ಹಚ್ಚುತ್ತಿದ್ದರು. ಕತೆಗೆ ಬರವಿಲ್ಲ.

ಇಲ್ಲಿ ಹಿಡಿಕೆಗೆ ಇದ್ದದ್ದು ಚರ್ಮ. ಕಪ್ಪಾಗಿ ಮರದಂತೆ ಗಟ್ಟಿಯಾಗಿದ್ದರೂ ಟಾರ್ಚನ್ನು ಮಗ್ಗುಲಿನಿಂದ ಹಿಡಿದಾಗ ವಜ್ರಾಕಾರದ ಒತ್ತು ಗೆರೆಗಳು ಕಂಡವು. ಎರಡು ಚರ್ಮದ ಹಲಗೆಗಳನ್ನು ಹಿಡಿದಿಟ್ಟ ಕಬ್ಬಿಣದ ರಿವೆಟ್ಟುಗಳೂ ಕಂಡವು. ಹಿಡಿಕೆಯ ತಲೆಯಲ್ಲಿ ಉದ್ದನೆಯ ಗಾಡಿ (ಕೊರೆದ ಸೀಳು), ಪಕ್ಕದಲ್ಲಿ ಒತ್ತುಗುಂಡಿ, ಅದಕ್ಕೆ ತಗಲಿಕೊಂಡ ಪಟ್ಟಿ ಸ್ಪ್ರಿಂಗು. ಗುಂಡಿ ಒತ್ತಿದರೆ ಬಂದೂಕಿನಿಂದ ಬಿಡಿಸಿಕೊಳ್ಳುತ್ತದೆ. ಮಾಸ್ತರರ ಮೊಮ್ಮಗ ಅದನ್ನು ಒತ್ತಿದ. ನೂರೈವತ್ತು ವರ್ಷಗಳ ಎಣ್ಣೆ ಕುಂಕುಮದ ಮಡ್ಡಿಯೊಳಗಿಂದಲೂ ಸ್ಪ್ರಿಂಗು ಸಣ್ಣಗೆ ಮಿಸುಕಿತು. ‘ಅಜ್ಜಾ, ಇದಕ್ಕ ಸ್ವಿಚ್ ಅದ!’ ಎಂದು ಕೂಗಿದ. ಮನೆಯವರೆಲ್ಲ ಆ ಕತ್ತಿಯನ್ನು ಆ ದಿನ ಹೊಸದಾಗಿ ನೋಡಿದ್ದು ಆಗಲೇ ಇರಬೇಕು.

ಅಲಗು ಸುಮಾರು 58 ಸೆಂಟಿಮೀಟರು, ಹಿಡಿಕೆ ಸೇರಿ 71ರ ಆಸುಪಾಸು. ಎರಡೂ ಮಗ್ಗುಲಿಗೆ ಅಗಲವಾದ ಕಾಲುವೆಯಂಥ ಗೀರು. ಬಾಗು ಒಂದೇ ದಿಕ್ಕಿಗಲ್ಲ: ಮೊದಲು ಕೆಳಗೆ ಜಗ್ಗಿ, ಮೊನೆಯ ಹತ್ತಿರ ಮತ್ತೆ ಮೇಲೇಳುತ್ತದೆ. ತುರ್ಕರ ಯಾತಗಾನ್ ಕತ್ತಿಯ ಆಕಾರ ಇದು. ಒಟ್ಟೋಮನ್ನರ ಸೀಮೆಯಿಂದ ಉತ್ತರ ಆಫ್ರಿಕಕ್ಕೆ ಹೋದದ್ದನ್ನು ಅಲ್ಜೀರಿಯದಲ್ಲಿ ಕಾದಾಡಿದ ಫ್ರೆಂಚರು ಕಂಡು, 1840ರ ಸುಮಾರಿಗೆ ತಮ್ಮ ಬಂದೂಕಿಗೆ ತೊಡಿಸಿದರು. ಬಾಗು ಬರಿಯ ಚೆಂದಕ್ಕಲ್ಲ. ಆಗಿನ ಬಂದೂಕಿಗೆ ಮದ್ದು ಗುಂಡು ಹಾಕುವುದು ಬಾಯಿಯಿಂದ, ಸಲಾಕೆಯಿಂದ ಜಡಿಯಬೇಕು. ನಳಿಗೆಯ ಪಕ್ಕದಲ್ಲಿ ನೆಟ್ಟಗಿನ ಅಲಗು ನಿಂತಿದ್ದರೆ ಜಡಿಯುವ ಕೈಗೆ ತಾಗುತ್ತದೆ. ಅಲಗು ಹೊರಗೆ ಬಾಗಿದರೆ ಕೈಗೆ ಜಾಗ. ಹಿಂಬದಿಯಿಂದ ಗುಂಡು ತುಂಬುವ ಬಂದೂಕು ಬಂದ ಮೇಲೂ ಬಾಗು ಕೆಲವು ವರ್ಷ ಉಳಿದುಕೊಂಡಿತು. ಸೈನ್ಯಕ್ಕೆ ಸಂಪ್ರದಾಯ ಬಿಡುವುದು ಮಠಕ್ಕಿಂತ ಕಷ್ಟ.

ಇಷ್ಟಕ್ಕೆ ಹೆಸರು ಹೇಳಬಹುದಿತ್ತು: ಬ್ರಿಟಿಷರ 1856ರ ಮಾದರಿಯ ಕತ್ತಿ ಬಯನೆಟ್ಟು, ಎನ್‌ಫೀಲ್ಡ್ ಗಿಡ್ಡ ರೈಫಲ್ಲಿನದು. ಸಾಮಾನ್ಯ ದಳಗಳಿಗೆಂದು ಮಾಡಿದ ಮೂರು ಪಟ್ಟಿಯ ಉದ್ದ ಎನ್‌ಫೀಲ್ಡ್‌ಗೆ ಈ ಕತ್ತಿ ಕೂರುವುದಿಲ್ಲ. ಅದಕ್ಕಿದ್ದದ್ದು ಕೊಳವೆ ಬಯನೆಟ್ಟು, ಅಂದರೆ ನಳಿಗೆಯ ಹೊರಗೆ ತೊಡಿಸುವ ಗಿಡ್ಡ ಕೊಳವೆ, ಅದರ ಮಗ್ಗುಲಿನಿಂದ ಹೊರಟ ಮೂರಂಚಿನ ಸೂಜಿ. ಕತ್ತಿಯಿದ್ದ ಗಿಡ್ಡ ರೈಫಲ್ಲು ಸಿಗುತ್ತಿದ್ದದ್ದು ರೈಫಲ್ ದಳಗಳಿಗೆ, ಸಾಮಾನ್ಯ ದಳಗಳಲ್ಲಾದರೆ ಸಾರ್ಜೆಂಟರಿಗೆ.

ಆದರೆ ಹೆಸರಿನಿಂದ ಅಜ್ಜಿಯ ಪ್ರಶ್ನೆಗೆ ಉತ್ತರವಾಗದು. 1856ರ ಮಾದರಿ 1858ರಲ್ಲಿ ಸುರಪುರಕ್ಕೆ ಬರಲಾರದೆ? ಬರಬಹುದು. ಇಸವಿಗಳು ಅಡ್ಡ ಬರುವುದಿಲ್ಲ. ಅಡ್ಡ ಬಂದದ್ದು ಹಿಡಿಕೆಯ ಹತ್ತಿರದ ಅಲಗಿನ ಮೇಲಿನ, ಉಗುರಿನಷ್ಟು ಜಾಗ.

ಪ್ರತಿ ನವಮಿಗೆ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿ ಆ ಜಾಗವನ್ನು ಕನ್ನಡಿ ಮಾಡಿದ್ದರು. ಬರಿಗಣ್ಣಿಗೆ ಏನೂ ಇಲ್ಲ. ತೆಳು ಕಾಗದ ಹಚ್ಚಿ, ಶಾಸನದ ಪಡಿಯಚ್ಚು ತೆಗೆಯುವವರಂತೆ ಪೆನ್ಸಿಲ್ಲನ್ನು ಅಡ್ಡ ಹಿಡಿದು ಮೆಲ್ಲಗೆ ಆಡಿಸಿದಾಗ ಮೊದಲು ಮೂಡಿದ್ದು ಶಿರಸ್ತ್ರಾಣ ತೊಟ್ಟ ಯೋಧನ ತಲೆ. ಜರ್ಮನಿಯ ಜೋಲಿಂಗನ್ ಊರಿನ ಕಿರ್ಶ್‌ಬಾಮ್ ಮನೆತನದ ಮುದ್ರೆ. ಇಂಗ್ಲೆಂಡಿನ ಕಾರ್ಖಾನೆಗಳಿಗೆ ಪೂರೈಸಲಾಗದಷ್ಟು ಬೇಡಿಕೆ ಬಂದಾಗ ಬ್ರಿಟಿಷ್ ಸರ್ಕಾರ ಈ ಬಾಗುಕತ್ತಿಗಳನ್ನು ದೊಡ್ಡ ಪ್ರಮಾಣದಲ್ಲಿ ಅಲ್ಲಿಂದ ಕೊಂಡಿತ್ತು. ಅದರ ಕೆಳಗೆ ಕಿರೀಟ, ಅಕ್ಷರ, ಅಂಕಿ: ತಪಾಸಣೆ ಮಾಡಿದವನ ಗುರುತು. ಪಕ್ಕದಲ್ಲಿ ಗುಣಾಕಾರದ ಚಿಹ್ನೆ: ಅಲಗನ್ನು ಬಗ್ಗಿಸಿ ನೋಡಿ, ಮುರಿಯದೆ ಮೊದಲಿನಂತಾಯಿತು ಎಂಬ ಸಾಕ್ಷಿ. ಇನ್ನೊಂದು ಮಗ್ಗುಲಿಗೆ ಅಗಲ ಬಾಣದ ಗುರುತು, ಅದರ ಜತೆ ಇಂಗ್ಲಿಷಿನ ‘ಐ’ ಅಕ್ಷರ.

ಈ ಬಾಣ ಮತ್ತು ‘ಐ’ ಇಂಡಿಯಾ ಸರ್ಕಾರದ ಉಗ್ರಾಣದ ಸೊತ್ತಿನ ಗುರುತು. ಅದಕ್ಕೂ ಮೊದಲಿನ ಈಸ್ಟ್ ಇಂಡಿಯಾ ಕಂಪನಿಗೆ ತನ್ನದೇ ಬೇರೆ ಮುದ್ರೆಗಳಿದ್ದವು. ಮೊದಲು ಹೃದಯದಾಕಾರವನ್ನು ನಾಲ್ಕು ಪಾಲು ಮಾಡಿ ಅಕ್ಷರ ತುಂಬಿದ್ದು, ಆಮೇಲೆ ಹಿಂಗಾಲ ಮೇಲೆ ನಿಂತ ಸಿಂಹ. ಕಂಪನಿಯ ಆಡಳಿತ ಮುಗಿದು ರಾಣಿಯ ಘೋಷಣೆ ಹೊರಟದ್ದು 1858ರ ನವೆಂಬರ್ 1ರಂದು. ಸುರಪುರದ ಕಾಳಗ ಅದೇ ವರ್ಷದ ಫೆಬ್ರವರಿಯಲ್ಲಿ ಮುಗಿದುಹೋಗಿತ್ತು. ಕಾಳಗದ ರಾತ್ರಿ ಕಸಿದು ತಂದು ಮನೆಯಲ್ಲಿಟ್ಟ ಕತ್ತಿಯ ಮೇಲೆ, ಆಮೇಲೆ ಬಂದ ಸರ್ಕಾರ ಒಳಗೆ ಬಂದು ಮುದ್ರೆ ಹೊಡೆದು ಹೋಗುವುದಿಲ್ಲ. ಅದು ನವೆಂಬರಿನ ನಂತರ ಸರ್ಕಾರಿ ಉಗ್ರಾಣದಲ್ಲಿ ಮಲಗಿ ಎದ್ದು ಬಂದದ್ದು.

ಸರದಾರನ ಮಾತೂ ನಿಲ್ಲುವುದಿಲ್ಲ. ಫೆಬ್ರವರಿ 7ರಂದು ಕ್ಯಾಪ್ಟನ್ ವಿಂಡ್‌ಹ್ಯಾಮ್ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಾಂಟಿಂಜೆಂಟಿನ ಪಡೆಯೊಂದಿಗೆ ಬಂದಾಗ, ರಾಜನ ಕಡೆಯವರು ಬಿಡಾರಕ್ಕೆಂದು ತೋರಿಸಿದ್ದು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ. ಅವನಿಗೆ ಅನುಮಾನ ಬಂದು ಬಯಲಿನಲ್ಲಿ ಇಳಿದುಕೊಂಡ. ರಾತ್ರಿ ಬೇಡರು, ಅರಬರು, ರೋಹಿಲರು ಮುಗಿಬಿದ್ದರು. ಮಾರನೆಯ ದಿನ ಲಿಂಗಸುಗೂರಿನ ಕಡೆಯಿಂದ ಕುಮ್ಮಕ್ಕು ಬಂತು. ಮದರಾಸು ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಕುದುರೆ ನುಗ್ಗಿಸಿ ಸತ್ತ, ಜತೆಗಿದ್ದ ಲೆಫ್ಟಿನೆಂಟ್ ಸ್ಟುವರ್ಟ್ ಗಾಯದಿಂದ ಉಳಿಯಲಿಲ್ಲ. ಕುದುರೆ ಸವಾರರ ಕೈಯಲ್ಲಿ ಬಯನೆಟ್ಟು ಇರುವುದಿಲ್ಲ. ಅಧಿಕಾರಿಗಳ ಖಡ್ಗವಂತೂ ಅವರ ಸ್ವಂತ ದುಡ್ಡಿನದು, ಸರ್ಕಾರಿ ಬಾಣದ ಗುರುತು ಅದಕ್ಕೆ ಬೀಳುವುದಿಲ್ಲ.

ನಾನು ಇದನ್ನೆಲ್ಲ ಹೇಳುವಾಗ ಮಾಸ್ತರರು ಪಾಠ ಕೇಳುವ ಹುಡುಗನಂತೆ ಬರೆದುಕೊಳ್ಳುತ್ತಿದ್ದರು. ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ‘ಸುಳ್ಳು ಅಂದ್ಯೇನ್ ಹಂಗಾದ್ರ?’

‘ಇಲ್ಲಮ್ಮ. ದೊಡ್ಡವರ ಕೈಯಾಗಿಂದು ಅನ್ನೋದು ಖರೇನ ಇರಬೇಕು. ಆ ದೊಡ್ಡವರು ಏನ್ ಕೆಲಸ ಮಾಡ್ತಿದ್ರು?’

ಅಜ್ಜಿ ಯೋಚಿಸಿದರು. ತಮ್ಮ ಮಾವನವರ ಅಜ್ಜನೋ ಮುತ್ಯಾನೋ ‘ಲಿಂಗಸೂರು ಛಾವಣ್ಯಾಗ’ ನೌಕರಿಗಿದ್ದರಂತೆ, ಕೆಂಪು ಪಟಗಾ ಸುತ್ತುತ್ತಿದ್ದರಂತೆ. ಅಷ್ಟೇ. ಲಿಂಗಸುಗೂರು ಹೈದರಾಬಾದ್ ಕಾಂಟಿಂಜೆಂಟಿನ ಛಾವಣಿಯಾಗಿತ್ತು. 1903ರಲ್ಲಿ ಆ ಪಡೆಯನ್ನು ಇಂಡಿಯಾ ಸೈನ್ಯದೊಳಗೆ ಕರಗಿಸುವವರೆಗೂ ಈ ಸೀಮೆಯ ನೂರಾರು ಮನೆಗಳಿಗೆ ಪಗಾರ ಅದರಿಂದಲೇ ಬರುತ್ತಿತ್ತು. ಹೊಸ ಬಂದೂಕು ಬಂದ ಹಾಗೆ ಹಳೆಯ ಬಯನೆಟ್ಟುಗಳು ಉಗ್ರಾಣದ ಮೂಲೆ ಸೇರುವುದು, ಅಲ್ಲಿಂದ ಹೊರಗೆ ಜಾರುವುದು ಯಾವ ಛಾವಣಿಗೂ ಹೊಸದಲ್ಲ. ರಾಜನ ವಿರುದ್ಧ ನಿಂತ ಪಡೆಯಲ್ಲೇ ಮುಂದೆ ಮನೆಯ ಹಿರಿಯರು ಸಂಬಳಕ್ಕೆ ನಿಂತರು ಎಂಬುದು ಹಬ್ಬದ ದಿನ ಹೇಳಿಕೊಳ್ಳುವ ಕತೆಯಲ್ಲ. ಕಸಿದು ತಂದದ್ದು ಎಂಬುದು ಹೇಳಲು ಹಿತ. ಎರಡು ತಲೆಮಾರು ಕಳೆದರೆ ಹಿತವಾದದ್ದೇ ನೆನಪಾಗಿ ಉಳಿಯುತ್ತದೆ. ಇದನ್ನು ಅಜ್ಜಿಗೆ ಹೇಳಲಿಲ್ಲ. ಮಾಸ್ತರರಿಗೆ ಹೇಳುವ ಅಗತ್ಯವೂ ಬೀಳಲಿಲ್ಲ, ಅವರ ಪೆನ್ನು ಆಗಲೇ ನಿಂತಿತ್ತು.

ನಿಂಬೆಹಣ್ಣಿನ ಬಗ್ಗೆ ಮಾತ್ರ ಜಗಳವೇ ಆಯಿತು. ಮೊನೆಯ ಎರಡಂಗುಲ ಹುಳು ತಿಂದ ಎಲೆಯಂತಾಗಿತ್ತು. ವರ್ಷವರ್ಷ ಚುಚ್ಚಿದ ಹಣ್ಣಿನ ಹುಳಿ ಉಕ್ಕನ್ನು ಮೆಲ್ಲಗೆ ಮೆದ್ದಿದೆ. ಹುಣಸೆಹುಳಿಯೂ ಬೇಡ, ಮರಳುಕಾಗದವೂ ಬೇಡ, ಒಣಬಟ್ಟೆಯಿಂದ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ ಸಾಕು ಎಂದೆ. ‘ನಿಂಬಿಹಣ್ಣು ಇಲ್ದ ಆಯುಧಪೂಜಿ ಎಂಥಾದ್ದು?’ ಎಂದರು ಅಜ್ಜಿ. ಕೊನೆಗೆ ಹಣ್ಣು ತಟ್ಟೆಯಲ್ಲಿ, ಕತ್ತಿ ಮಣೆಯ ಮೇಲೆ ಎಂಬ ರಾಜಿಯಾಯಿತು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯಿದೆಯ ಪ್ರಕಾರ ದೇಶದ ಹೊರಗೆ ಹೋಗುವಂತಿಲ್ಲ ಎಂಬುದನ್ನೂ ಮಾಸ್ತರರ ಕಿವಿಗೆ ಹಾಕಿದೆ. ಊರಿಗೆ ಆಗಾಗ ಬಂದು ‘ಹಳೆ ಸಾಮಾನು ಅದಾವೇನ್ರಿ’ ಎಂದು ಕೇಳಿ ಹೋಗುವವರು ಇದ್ದಾರಂತೆ.

ಸಂಜೆ ಟೇಲರ್ ಮಂಜಿಲ್ ಹತ್ತಿದೆ. ಗುಡ್ಡದ ನೆತ್ತಿಯ ಮೇಲೆ 1844ರಲ್ಲಿ ಅವನು ಕಟ್ಟಿಸಿದ ಮನೆ, ಈಗ ಸರ್ಕಾರಿ ಅತಿಥಿಗೃಹ. ಕೆಳಗೆ ಊರು, ಗುಡಿ, ಕೆರೆ, ಸುತ್ತ ಕೆಂಪು ಬಂಡೆಗಳ ಗುಡ್ಡ. ಬಾಲಕ ವೆಂಕಟಪ್ಪ ನಾಯಕ ದೊಡ್ಡವನಾಗುವ ತನಕ ಆಡಳಿತ ನಡೆಸಿ, 1853ರಲ್ಲಿ ಅವನ ಕೈಗೆ ಸಂಸ್ಥಾನ ಒಪ್ಪಿಸಿ ಟೇಲರ್ ಇಲ್ಲಿಂದ ಹೋದ. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಐದು ವರ್ಷದ ಮೇಲೆ ಇಬ್ಬರೂ ಭೇಟಿಯಾದದ್ದು ಸಿಕಂದರಾಬಾದಿನ ಸೆರೆಯಲ್ಲಿ. ಸೋತ ರಾತ್ರಿ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದ ರಾಜ ಅಲ್ಲಿನ ಪೇಟೆಯಲ್ಲಿ ಸಿಕ್ಕಿಬಿದ್ದು, ಸಾಲಾರ್ ಜಂಗ್ ಮೂಲಕ ಬ್ರಿಟಿಷರ ಕೈ ಸೇರಿದ್ದ. ಮರಣದಂಡನೆ ಕಡಿಮೆಯಾಗಿ, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂಬುದು ಸರ್ಕಾರದ ವರದಿ, ಟೇಲರನ ಆತ್ಮಕಥೆಯೂ ಅದನ್ನೇ ಹೇಳುತ್ತದೆ. ಊರಿನಲ್ಲಿ ಒಪ್ಪುವವರು ಕಡಿಮೆ. ಅವನಿಗಾಗ ಇಪ್ಪತ್ತನಾಲ್ಕರ ಹರೆಯ. ಸಂಸ್ಥಾನವನ್ನು ಬ್ರಿಟಿಷರು ಮುಂದೆ ನಿಜಾಮನಿಗೆ ಬಿಟ್ಟುಕೊಟ್ಟರು.

ಮಾರನೆಯ ಬೆಳಿಗ್ಗೆ ವಾಗಣಗೇರಿಗೆ. ಸುರಪುರದಿಂದ ಪಶ್ಚಿಮಕ್ಕೆ ಕೆಲವೇ ಮೈಲಿ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇಲ್ಲಿಯದು, 1705ರಲ್ಲಿ. ಬಾದಶಹನಿಗೆ ಎಂಬತ್ತಾರು ದಾಟಿತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಾಳೆಯ ಬಿದ್ದು, ಕೋಟೆ ಕೊನೆಗೆ ಕೈಗೆ ಬಂದಾಗ ಒಳಗೆ ನಾಯಕನಿರಲಿಲ್ಲ. ಬೇಡರ ದೊರೆ ಪಿಡ್ಡ ನಾಯಕ ತನ್ನವರೊಂದಿಗೆ ಇರುಳಿನಲ್ಲಿ ಜಾರಿದ್ದ. ಹತ್ತಿರದ ದೇವಾಪುರದಲ್ಲಿ ಮಳೆಗಾಲ ಕಳೆಯಲು ನಿಂತ ಬಾದಶಹ ಕಾಯಿಲೆ ಬಿದ್ದ, ಮತ್ತೆ ಯಾವ ಕೋಟೆಯ ಮುಂದೆಯೂ ನಿಲ್ಲಲಿಲ್ಲ. ಆ ದೇವಾಪುರವನ್ನು ಈಗಿನವರು ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಎಂದು ತೋರಿಸುತ್ತಾರೆ, ಕಡೂರು ಕಡೆಯ ದೇವನೂರಿನವರು ಇದನ್ನು ಒಪ್ಪುವುದಿಲ್ಲ, ನಾನು ಆ ನ್ಯಾಯಕ್ಕೆ ಹೋಗುವುದಿಲ್ಲ.

ಮೊಗಲರನ್ನು ಇಲ್ಲಿ ತಡೆದು ನಿಲ್ಲಿಸಿದ್ದು ಕತ್ತಿಯಲ್ಲ, ಬತ್ತಿ ಹಚ್ಚಿ ಹಾರಿಸುವ ಬೇಡರ ಕೋವಿ. ಗುರಿಕಾರಿಕೆಗೆ ಹೆಸರಾದ ಜನ. ಬಂಡೆಯ ಸಂದಿಯಲ್ಲಿ ಕೂತು ಹೊಡೆದರೆ ಕೆಳಗಿನವನಿಗೆ ಹೊಗೆಯೊಂದೇ ಕಾಣುವುದು. ಕೋಟೆಯ ಕೆಳಗೆ ನಿಂತು ಮೇಲೆ ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಅಂಥ ಸೀಮೆಯ ಮನೆಗಳಲ್ಲಿ ಪೂಜೆಗೆ ಬಂದೂಕು ಸಿಗದೆ ಬಯನೆಟ್ಟು ಸಿಗುವುದೇಕೆ? ಕೋವಿ ಕಸಿಯುವುದು ಸರ್ಕಾರದ ಮೊದಲ ಕೆಲಸವಾಗಿತ್ತು. ಕೃಷ್ಣೆಯ ಆಚೆ, ಮುಧೋಳ ಸೀಮೆಯ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಎದ್ದದ್ದೇ ಹತಾರ ಕೊಡುವುದಿಲ್ಲ ಎಂದು; ಹತ್ತೊಂಬತ್ತು ಮಂದಿಯನ್ನು ಗಲ್ಲಿಗೆ ಹಾಕಿದರು. ಲೆಕ್ಕ ಕೇಳುವವರು ಕೇಳಿದ್ದು ಗುಂಡು ಹಾರುವ ಅರ್ಧವನ್ನು. ಉಂಗುರವಿದ್ದ ಅರ್ಧವನ್ನು ಮನೆಯಲ್ಲಿಟ್ಟುಕೊಂಡರೆ ಯಾರೂ ಅಷ್ಟಾಗಿ ಕೇಳಲಿಲ್ಲವೇನೋ.

ಸುರಪುರ ಬಿಡುವ ಹೊತ್ತಿಗೆ ಸುದ್ದಿ ಓಣಿಯಲ್ಲಿ ಹಬ್ಬಿತ್ತು. ಮಾಸ್ತರರ ಕಟ್ಟೆಯ ಮೇಲೆ ಪ್ರದರ್ಶನವೇ ನೆರೆದಿತ್ತು: ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ತಗಡಿನ ಖಡ್ಗ, ಕಬ್ಬು ಕಡಿಯುವ ಕತ್ತಿ, ಮೊಹರಮ್ಮಿನಲ್ಲಿ ಹಿಡಿಯುವ ಪಂಜಾದ ಮುರಿದ ತುಂಡು. ಎಲ್ಲವೂ ಗದ್ದಲದ ಕಾಲದವೇ. ಕೊನೆಗೆ ಹಿಂದಿನ ಓಣಿಯ ಕಾಕಾ ಒಬ್ಬರು, ಯಾರೂ ಕರೆಯದಿದ್ದರೂ, ಮಣ್ಣು ಮೆತ್ತಿದ ಒಂದು ಗೂಟವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಅದರ ಮೇಲೆ ಹಗ್ಗದ ತೇವ ಇನ್ನೂ ಆರಿರಲಿಲ್ಲ.

‘ಎಮ್ಮಿ ಕಟ್ಟೂದ್ರಿ ಇದು. ನಮ್ಮಪ್ಪನ ಕಾಲದಿಂದ ಇದಾ ಗೂಟ. ಬಾಗಂಗಿಲ್ಲ, ಸವಿಯಂಗಿಲ್ಲ. ನಿಮ್ಗ ಏನರ ತಿಳಿತೈತೇನು?’

ನೀರು ಹಾಕಿ ತೊಳೆದೆವು. ಮೂರಂಚಿನ ಉದ್ದನೆಯ ಮೊನೆ, ಬುಡದಲ್ಲಿ ಅಡ್ಡ ಕುತ್ತಿಗೆ, ಅದಕ್ಕೆ ಗಿಡ್ಡ ಕೊಳವೆ. ಕೊಳವೆಯ ಮೇಲೆ ಎರಡು ಕಡೆ ತಿರುವಿದ ಗಾಡಿ ಇದೆ, ಬಿಗಿಯುವ ತಿರುಗುಬಳೆ ಇಲ್ಲ. ಎನ್‌ಫೀಲ್ಡ್‌ನ ಕೊಳವೆಗೆ ಆ ಬಳೆ ಇರಲೇಬೇಕು. ಬಳೆಯಿಲ್ಲದ್ದು ಅದಕ್ಕೂ ಹಿಂದಿನದು, ಕಂಪನಿಯ ಸಾದಾ ನಳಿಗೆಯ ಬಂದೂಕಿನದು. ಎನ್‌ಫೀಲ್ಡ್ 1857ರ ಆರಂಭದಲ್ಲಿ ಸಿಪಾಯಿಗಳ ಕೈಗೆ ಸಿಗುತ್ತಿದ್ದದ್ದು ಡಂಡಂ, ಅಂಬಾಲ, ಸಿಯಾಲಕೋಟದ ತರಬೇತಿ ಶಾಲೆಗಳಲ್ಲಷ್ಟೇ. ಸುರಪುರದ ಬಯಲಿನಲ್ಲಿ ಆ ಫೆಬ್ರವರಿಯ ರಾತ್ರಿ ನಿಂತ ಸಾಮಾನ್ಯ ಸಿಪಾಯಿಯ ಬಂದೂಕಿನ ತುದಿಗೆ ಇರಬೇಕಾದದ್ದು ಇಂಥದ್ದೇ. ಆ ಕಟ್ಟೆಯ ಮೇಲಿದ್ದ ಎಲ್ಲ ಕಬ್ಬಿಣದಲ್ಲಿ ಗದ್ದಲದ ಕಾಲಕ್ಕೆ ಸೇರುವ ಹಕ್ಕು ಇದ್ದದ್ದು ಈ ಒಂದಕ್ಕೆ.

ಮಾಸ್ತರರು ಕಾಕಾನ ಕಡೆ ತಿರುಗಿ, ‘ಕಾಕಾ, ಇದನ್ನ ನನಗ ಕೊಡು, ತೊಳದು ಎಣ್ಣಿ ಹಚ್ಚಿ ಇಡ್ತೀನಿ’ ಎಂದರು.

‘ಇಟ್ಗೋ. ಆದ್ರ ಸಂಜಿಕಿಂತ ಮೊದ್ಲು ಹೊಸ ಗೂಟ ತಂದುಕೊಡು, ಎಮ್ಮಿ ಮೇದು ಬರೂ ಹೊತ್ತಾತು’ ಎಂದು ಕಾಕಾ ಕಟ್ಟೆ ಇಳಿದರು.